ಸ್ಟ್ಯಾಂಡಿನ ಮೇಲೆ ತಾನಾಗಿ ತೆರೆದು ನಿಲ್ಲುವ ಸ್ವರಲಿಪಿ ಪುಸ್ತಕ: ಮನೆಯಲ್ಲಿ ಮುದ್ರಣ, ಕೈಯಲ್ಲಿ ಹೊಲಿಗೆ

ಓದುವ ಪುಸ್ತಕವನ್ನು ಕೈಯಲ್ಲಿ ಹಿಡಿದಿರುತ್ತೇವೆ. ಹಾಳೆ ಮುಚ್ಚಿಕೊಳ್ಳಲು ಹವಣಿಸಿದರೆ ಹೆಬ್ಬೆರಳು ತಡೆಯುತ್ತದೆ. ಸ್ವರಲಿಪಿಯ ಪುಸ್ತಕಕ್ಕೆ ಆ ಹೆಬ್ಬೆರಳಿನ ನೆರವಿಲ್ಲ. ನುಡಿಸುವವರ ಎರಡು ಕೈಗಳೂ ವಾದ್ಯದ ಮೇಲಿರುವಾಗ ಅದು ಯಾವ ಪುಟದಲ್ಲಿ ತೆರೆದಿಟ್ಟರೂ ಅಲ್ಲಿಯೇ ಚಪ್ಪಟೆಯಾಗಿ ನಿಲ್ಲಬೇಕು, ಸಂಗೀತದ ಚಿಕ್ಕದೊಂದು ಬಿಡುವಿನಲ್ಲಿ ಒಂದೇ ಕೈಯಿಂದ ಮಗುಚಲು ಬರಬೇಕು, ಮಗುಚಿದ ಹಾಳೆ ಮತ್ತೆ ಹಿಂದಕ್ಕೆ ಬೀಳಬಾರದು. ಪಿಯಾನೊ ಕೃತಿಗಳ 64 ಪುಟಗಳ ಒಂದು ಸಂಪುಟವನ್ನು ಮನೆಯಲ್ಲಿಯೇ ಮುದ್ರಿಸಿ, ಫಾರಂಗಳಾಗಿ (ಒಂದರೊಳಗೊಂದು ಮಡಿಸಿದ ಹಾಳೆಗಳ ಕಟ್ಟು) ಮಡಿಸಿ, ದಾರದಿಂದ ಹೊಲಿದು ಕಟ್ಟಿದ ಕೆಲಸದ ವಿವರವನ್ನು ಇಲ್ಲಿ ಬರೆಯುತ್ತಿದ್ದೇನೆ. ಕಾಗದದ ಆಯ್ಕೆಯಿಂದ ಅಂಟಿನ ಪ್ರಮಾಣದವರೆಗೆ ಪ್ರತಿಯೊಂದು ತೀರ್ಮಾನವೂ ಪುಸ್ತಕ ಹೇಗೆ ತೆರೆದುಕೊಳ್ಳುತ್ತದೆ ಎಂಬುದನ್ನೇ ಅವಲಂಬಿಸಿತ್ತು.

ಬಿಡಿ ಹಾಳೆಗಳನ್ನು ಒಟ್ಟುಗೂಡಿಸಿ ಬೆನ್ನಿಗೆ ಅಂಟು ಬಳಿಯುವ ವಿಧಾನವನ್ನು ನಾನು ಮೊದಲೇ ಕೈಬಿಟ್ಟೆ. ಗಟ್ಟಿ ಅಂಟಿನ ಬೆನ್ನು ಬಾಗುವುದಿಲ್ಲ. ಅದನ್ನು ಬಲವಂತವಾಗಿ ಬಾಗಿಸಿದರೆ ಬಿರುಕು ಬಿಟ್ಟು ನಡುವಿನ ಹಾಳೆಗಳು ಒಂದೊಂದಾಗಿ ಕಳಚುತ್ತವೆ. ಸುರುಳಿ ತಂತಿಯ ಬೈಂಡಿಂಗ್ ಚಪ್ಪಟೆಯಾಗಿ ತೆರೆದುಕೊಳ್ಳುತ್ತದೆ ಎಂಬುದು ನಿಜ, ಬೇಗ ಮುಗಿಯುತ್ತದೆ ಎಂಬುದೂ ನಿಜ. ಆದರೆ ರಂಧ್ರಗಳ ಅಂಚು ಕಾಲಕ್ರಮೇಣ ಹರಿಯುತ್ತದೆ, ಮಗುಚುವಾಗ ಸದ್ದಾಗುತ್ತದೆ. ಫಾರಂಗಳ ಮಡಿಕೆಯಲ್ಲಿ ದಾರ ಹಾಯಿಸಿ ಹೊಲಿದ ಪುಸ್ತಕದಲ್ಲಿ ಹಾಳೆಯನ್ನು ಹಿಡಿದಿಡುವುದು ದಾರ. ಅಂಟು ಅದಕ್ಕೆ ಸಹಾಯಕ ಮಾತ್ರ. ಆದ್ದರಿಂದ ಬೆನ್ನು ಮೃದುವಾಗಿ ಉಳಿಯುತ್ತದೆ, ದಾರ ಸವೆದರೂ ಬಿಚ್ಚಿ ಮತ್ತೆ ಹೊಲಿಯಬಹುದು.

ಕೆಲಸದ ಮೊದಲ ಹಂತ ಪುಟಗಳ ಯೋಜನೆ. ಇದಕ್ಕೆ ನಾನು ಕೊಟ್ಟ ಸಮಯ ಮುದ್ರಣಕ್ಕೆ ಕೊಟ್ಟದ್ದಕ್ಕಿಂತ ಹೆಚ್ಚು, ಹಾಗಿರುವುದೇ ಸರಿ ಎಂದು ನನ್ನ ಅಭಿಪ್ರಾಯ. ಪುಸ್ತಕದಲ್ಲಿ ಸಮಸಂಖ್ಯೆಯ ಪುಟ ಎಡಕ್ಕೆ, ಬೆಸಸಂಖ್ಯೆಯ ಪುಟ ಬಲಕ್ಕೆ ಬರುತ್ತದೆ. ಹಾಳೆ ಮಗುಚಬೇಕಾಗುವುದು ಬೆಸ ಪುಟದ ಕೊನೆಯಲ್ಲಿ ಮಾತ್ರ. ಎರಡು ಪುಟಗಳ ಕೃತಿಯನ್ನು ಸಮ ಪುಟದಿಂದ ಆರಂಭಿಸಿದರೆ ಮಗುಚುವ ಪ್ರಮೇಯವೇ ಬರುವುದಿಲ್ಲ. ಮೂರು ಪುಟಗಳ ಕೃತಿಗೆ ಒಂದು ಮಗುಚುವಿಕೆ ಅನಿವಾರ್ಯ, ಆದರೆ ಅದು ಮೊದಲ ಪುಟದ ನಂತರ ಬರಬೇಕೋ ಎರಡನೆಯದರ ನಂತರವೋ ಎಂಬುದನ್ನು ನಾವು ಆರಿಸಿಕೊಳ್ಳಬಹುದು: ಬಲಪುಟದಿಂದ ಆರಂಭಿಸಿದರೆ ಮೊದಲನೆಯದರ ನಂತರ, ಎಡಪುಟದಿಂದ ಆರಂಭಿಸಿದರೆ ಎರಡನೆಯದರ ನಂತರ. ಆ ಎರಡು ಜಾಗಗಳಲ್ಲಿ ಎಲ್ಲಿ ಒಂದು ಕೈಗೆ ವಿರಾಮವಿದೆಯೋ, ಅಥವಾ ದೀರ್ಘ ಸ್ವರವೊಂದು ಪೆಡಲಿನ ಬಲದಿಂದ ನಿಲ್ಲುತ್ತದೆಯೋ ನೋಡಿಕೊಂಡು ತೀರ್ಮಾನಿಸಿದೆ. ಹೀಗೆ ಜೋಡಿಸುವಾಗ ಕೆಲವೆಡೆ ಖಾಲಿ ಪುಟಗಳು ಉಳಿದವು. ಖಾಲಿ ಪುಟವನ್ನು ಕಂಡು ಮುದ್ರಣ ತಪ್ಪಿದೆಯೆಂದು ಯಾರೂ ತಿಳಿಯದಿರಲೆಂದು ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ‘ಮಗುಚುವ ಅನುಕೂಲಕ್ಕಾಗಿ ಖಾಲಿ ಬಿಡಲಾಗಿದೆ’ ಎಂದು ಸೇರಿಸಿದೆ. ಖಾಲಿ ಪುಟಕ್ಕೆ ಕಾಗದ ವ್ಯರ್ಥವಾಯಿತೆಂದು ಕೊರಗಬೇಕಿಲ್ಲ. ಅದರಿಂದ ತಪ್ಪುವ ಒಂದು ಕೆಟ್ಟ ಮಗುಚುವಿಕೆಯ ಬೆಲೆ ಆ ಹಾಳೆಗಿಂತ ದೊಡ್ಡದು.

ಸಂಪುಟದ ಹೆಚ್ಚಿನ ಪುಟಗಳು ಹಕ್ಕುಸ್ವಾಮ್ಯದ ಅವಧಿ ಮುಗಿದ ಹಳೆಯ ಮುದ್ರಣಗಳ ಸ್ಕ್ಯಾನ್ ಪ್ರತಿಗಳು; ಕೆಲವನ್ನು ಮಾತ್ರ ಮ್ಯೂಸ್‌ಸ್ಕೋರ್ ತಂತ್ರಾಂಶದಲ್ಲಿ ನಾನೇ ಹೊಸದಾಗಿ ಜೋಡಿಸಿದೆ. ಕೃತಿ ಎಷ್ಟೇ ಹಳೆಯದಾಗಿರಲಿ, ಅದನ್ನು ಇತ್ತೀಚೆಗೆ ಸಂಪಾದಿಸಿದವರ ಕೆಲಸಕ್ಕೆ ಪ್ರತ್ಯೇಕ ಹಕ್ಕು ಇರಬಹುದಾದ್ದರಿಂದ ಯಾವ ಮುದ್ರಣವನ್ನು ಬಳಸುತ್ತಿದ್ದೇವೆ ಎಂಬುದನ್ನು ನೋಡಿಕೊಳ್ಳಬೇಕು. ಸ್ಕ್ಯಾನ್ ಪ್ರತಿಗಳನ್ನು ಇದ್ದಂತೆಯೇ ಮುದ್ರಿಸಿದರೆ ಹಳದಿ ಹಿನ್ನೆಲೆಯೆಲ್ಲ ಬೂದು ಚುಕ್ಕೆಗಳಾಗಿ ಕಾಣುತ್ತದೆ. ಅವುಗಳನ್ನು ಶುದ್ಧ ಕಪ್ಪು-ಬಿಳುಪಿಗೆ, ಅಂದರೆ ಪ್ರತಿ ಬಿಂದುವೂ ಪೂರ್ತಿ ಕಪ್ಪು ಅಥವಾ ಪೂರ್ತಿ ಬಿಳಿ ಇರುವ ರೂಪಕ್ಕೆ, 600 ಡಿಪಿಐ (ಅಂಗುಲಕ್ಕೆ 600 ಬಿಂದು) ಸಾಂದ್ರತೆಯಲ್ಲಿ ಪರಿವರ್ತಿಸಿದೆ. ಸ್ಟಾಫಿನ, ಅಂದರೆ ಸ್ವರಗಳನ್ನು ಬರೆಯುವ ಐದು ಗೆರೆಗಳ ಸಾಲಿನ, ಒಂದು ಗೆರೆಯ ದಪ್ಪ ಹೆಚ್ಚೂಕಡಿಮೆ 0.2 ಮಿಲಿಮೀಟರ್, 300 ಡಿಪಿಐನಲ್ಲಿ ಅದಕ್ಕೆ ಎರಡೋ ಮೂರೋ ಬಿಂದುಗಳಷ್ಟೇ ಸಿಗುವುದರಿಂದ ಗೆರೆ ಒಂದೆಡೆ ದಪ್ಪವಾಗಿ ಇನ್ನೊಂದೆಡೆ ತೆಳ್ಳಗಾಗಿ ಕಾಣುತ್ತದೆ. 600ರಲ್ಲಿ ಸುಮಾರು ಐದು ಬಿಂದುಗಳು ಸಿಗುವುದರಿಂದ ಗೆರೆಯ ದಪ್ಪ ಒಂದೇ ಸಮನಾಗಿ ಉಳಿಯುತ್ತದೆ.

ಓರೆಯನ್ನು ಸರಿಪಡಿಸುವುದು ಇನ್ನೂ ಮುಖ್ಯ. ಸ್ಕ್ಯಾನಿನಲ್ಲಿ ಪುಟ ಒಂದೇ ಒಂದು ಡಿಗ್ರಿ ಓರೆಯಾಗಿದ್ದರೂ 180 ಮಿಲಿಮೀಟರ್ ಉದ್ದದ ಸ್ಟಾಫಿನ ಬಲತುದಿ ಎಡತುದಿಗಿಂತ ಸುಮಾರು 3 ಮಿಲಿಮೀಟರ್ ಮೇಲೋ ಕೆಳಗೋ ಇರುತ್ತದೆ. ಅಂದರೆ ಸ್ಟಾಫಿನ ಎರಡು ಗೆರೆಗಳ ನಡುವಿನ ಅಂತರದ ಸುಮಾರು ಎರಡರಷ್ಟು. ಓದುವ ಕಣ್ಣಿಗೆ ಇದು ಎದುರುಪುಟದೊಂದಿಗೆ ಹೋಲಿಸಿದಾಗ ಬಹಳ ತೊಂದರೆ ಕೊಡುತ್ತದೆ. ಸ್ಕ್ಯಾನ್ ಟೇಲರ್ ಎಂಬ ಉಚಿತ ತಂತ್ರಾಂಶ ಓರೆಯನ್ನು ತಾನೇ ಗುರುತಿಸಿ ತಿದ್ದುತ್ತದೆ. ಆದರೂ ಪ್ರತಿ ಪುಟದ ಮೇಲಿನ ಮತ್ತು ಕೆಳಗಿನ ಸ್ಟಾಫುಗಳನ್ನು ಗೆರೆಗೆ ಗೆರೆ ಹಿಡಿದು ನಾನು ಮತ್ತೊಮ್ಮೆ ಪರಿಶೀಲಿಸಿದೆ. ಬಳಿಕ ಎಲ್ಲ ಪುಟಗಳಲ್ಲಿಯೂ ಸ್ಟಾಫಿನ ಎತ್ತರ 7 ಮಿಲಿಮೀಟರ್ ಸುತ್ತಮುತ್ತ ಇರುವಂತೆ ಅಳತೆ ಹೊಂದಿಸಿದೆ. ಸ್ಟ್ಯಾಂಡಿನ ದೂರದಿಂದ ನೋಡುವಾಗ ಇದಕ್ಕಿಂತ ಬಹಳ ಚಿಕ್ಕದಾದರೆ ಸ್ಟಾಫಿನ ಮೇಲೆ ಕೆಳಗೆ ಬರುವ ಹೆಚ್ಚುವರಿ ಚಿಕ್ಕ ಗೆರೆಗಳ ಮೇಲಿನ ಸ್ವರಗಳನ್ನು ಎಣಿಸಬೇಕಾಗುತ್ತದೆ. ಹೊಲಿಗೆಯ ಕಡೆಗೆ 15 ಮಿಲಿಮೀಟರ್, ಹೊರಗಡೆಗೆ ಕತ್ತರಿಸುವ ಭಾಗವೂ ಸೇರಿ 14 ಮಿಲಿಮೀಟರ್ ಅಂಚು ಬಿಟ್ಟೆ.

ಕಾಗದದ ವಿಚಾರದಲ್ಲಿ ತೂಕಕ್ಕಿಂತ ನಾರಿನ ದಿಕ್ಕು ದೊಡ್ಡದು. ಯಂತ್ರದಲ್ಲಿ ತಯಾರಾದ ಕಾಗದದ ನಾರುಗಳು ಬಹುಪಾಲು ಒಂದೇ ದಿಕ್ಕಿಗೆ ಮಲಗಿರುತ್ತವೆ. ಆ ದಿಕ್ಕಿಗೆ ಸಮಾನಾಂತರವಾಗಿ ಕಾಗದ ಸುಲಭವಾಗಿ ಬಾಗುತ್ತದೆ, ಮಡಿಕೆ ನೇರವಾಗಿ ಬೀಳುತ್ತದೆ. ಅಡ್ಡಲಾಗಿ ಮಡಿಸಿದರೆ ಮಡಿಕೆಯಲ್ಲಿ ನಾರು ಸಿಡಿಯುತ್ತದೆ, ಹಾಳೆ ಸೆಟೆದು ನಿಲ್ಲುತ್ತದೆ. ಪುಸ್ತಕ ಸ್ಟ್ಯಾಂಡಿನ ಮೇಲೆ ಚಪ್ಪಟೆಯಾಗಿ ತೆರೆಯಬೇಕಾದರೆ ನಾರು ಬೆನ್ನಿಗೆ ಸಮಾನಾಂತರವಾಗಿಯೇ ಇರಬೇಕು, ಅಂದರೆ ಪುಟದಲ್ಲಿ ಮೇಲಿನಿಂದ ಕೆಳಕ್ಕೆ ಓಡಬೇಕು. ಇಲ್ಲಿ ಒಂದು ತೊಡಕಿದೆ. ಸಾಮಾನ್ಯವಾಗಿ ಸಿಗುವ ಎ3 ಹಾಳೆಯಲ್ಲಿ ನಾರು 420 ಮಿಲಿಮೀಟರಿನ ಉದ್ದದ ಬದಿಗೆ ಓಡುತ್ತದೆ. ಅದನ್ನು ಎ4 ಗಾತ್ರಕ್ಕೆ ಮಡಿಸಿದಾಗ ಮಡಿಕೆ ಬೀಳುವುದು 297 ಮಿಲಿಮೀಟರಿನ ಬದಿಗೆ ಸಮಾನಾಂತರವಾಗಿ, ಅಂದರೆ ನಾರಿಗೆ ಅಡ್ಡಲಾಗಿ. ಹಾಗಾಗಿ ನಾನು ದೊಡ್ಡ ಹಾಳೆಗಳನ್ನು ತಂದು, ನಾರು ಚಿಕ್ಕ ಬದಿಗೆ ಓಡುವಂತೆ ಎ3 ಗಾತ್ರಕ್ಕೆ ಕತ್ತರಿಸಿಕೊಂಡೆ. ದಿಕ್ಕನ್ನು ತಿಳಿಯಲು ಹಾಳೆಯನ್ನು ಮುರಿಯದಂತೆ ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಬಾಗಿಸಿ ಅಂಗೈಯಿಂದ ಮೆಲ್ಲಗೆ ಒತ್ತಿದರೆ ಸಾಕು. ಕಡಿಮೆ ಎದುರೊತ್ತುವ ಬಾಗು ನಾರಿಗೆ ಸಮಾನಾಂತರ. ಅನುಮಾನವಿದ್ದರೆ ಚಿಕ್ಕ ಚೌಕವೊಂದರ ಒಂದು ಮುಖವನ್ನು ಒದ್ದೆ ಮಾಡಬೇಕು. ಅದು ಸುರುಳಿಯಾದಾಗ ಸುರುಳಿಯ ಕೊಳವೆ ಯಾವ ದಿಕ್ಕಿಗೆ ಮಲಗುತ್ತದೆಯೋ ನಾರಿನ ದಿಕ್ಕು ಅದೇ.

ಎ4 ಮುದ್ರಕ ಮಾತ್ರ ಇರುವವರಿಗೆ ಬೇರೊಂದು ದಾರಿಯಿದೆ, ಮತ್ತು ಅದು ಕಡಿಮೆ ದರ್ಜೆಯದಲ್ಲ. ಸಾಮಾನ್ಯ ಎ4 ಹಾಳೆಯಲ್ಲಿ ನಾರು ಉದ್ದದ ಬದಿಗೆ ಇರುವುದರಿಂದ ಅದು ಸ್ವರಲಿಪಿ ಪುಟಕ್ಕೆ ಮೊದಲೇ ಸರಿಯಾದ ದಿಕ್ಕಿನಲ್ಲಿರುತ್ತದೆ. ಎರಡು ಬಿಡಿ ಹಾಳೆಗಳನ್ನು ಅಕ್ಕಪಕ್ಕ ಇಟ್ಟು, ನಡುವೆ ಕೂದಲೆಳೆಯಷ್ಟು ಜಾಗ ಬಿಟ್ಟು, 15 ಮಿಲಿಮೀಟರ್ ಅಗಲದ ತೆಳುವಾದ ಗಟ್ಟಿ ಕಾಗದದ ಪಟ್ಟಿಯನ್ನು ಅಂಟಿಸಿದರೆ ಮಡಿಸಬಹುದಾದ ಜೋಡಿಹಾಳೆ ಸಿದ್ಧವಾಗುತ್ತದೆ. ಪಟ್ಟಿ ಬಂದಲ್ಲೆಲ್ಲ ಬೆನ್ನು ದಪ್ಪವಾಗುವುದರಿಂದ ಈ ವಿಧಾನ ತೆಳುವಾದ ಸಂಪುಟಕ್ಕೆ ಹೆಚ್ಚು ಹೊಂದುತ್ತದೆ.

ಹಾಳೆಯ ತೂಕ, ಚದರ ಮೀಟರಿಗೆ ಎಷ್ಟು ಗ್ರಾಂ ಎಂಬ ಲೆಕ್ಕದಲ್ಲಿ, 100 ಜಿಎಸ್‌ಎಂ ಇಟ್ಟುಕೊಂಡೆ. 80 ಜಿಎಸ್‌ಎಂ ಹಾಳೆಯಲ್ಲಿ ಹಿಂಬದಿಯ ಸ್ಟಾಫುಗಳು ಮಸುಕಾಗಿ ಮುಂದೆ ತೋರುತ್ತವೆ, ಸ್ಟ್ಯಾಂಡಿನ ದೀಪ ಹಿಂದಿನಿಂದ ಬಿದ್ದರೆ ಇನ್ನೂ ಹೆಚ್ಚು. 120ಕ್ಕೆ ಹೋದರೆ ಆ ತೊಂದರೆ ಇಲ್ಲ, ಆದರೆ ಫಾರಂ ದಪ್ಪವಾಗಿ ಮಡಿಕೆ ಬಿಗಿಯುತ್ತದೆ. ಬಣ್ಣ ಹಾಲುಬಿಳುಪಿಗಿಂತ ತುಸು ಕೆನೆಬಣ್ಣಕ್ಕೆ ಸರಿದದ್ದು ಮತ್ತು ಹೊಳಪಿಲ್ಲದ್ದು ಒಳ್ಳೆಯದು. ದೀಪದ ಬೆಳಕು ಕಣ್ಣಿಗೆ ಹೊಡೆಯುವುದಿಲ್ಲ, ಪೆನ್ಸಿಲಿನಲ್ಲಿ ಬೆರಳುಗಳ ಸಂಖ್ಯೆ ಬರೆದು ಅಳಿಸಲೂ ಅನುಕೂಲ.

ಮುದ್ರಣಕ್ಕೆ ಪುಟಗಳನ್ನು ಫಾರಂ ಕ್ರಮಕ್ಕೆ ಜೋಡಿಸಬೇಕು. ನಾಲ್ಕು ಎ3 ಹಾಳೆಗಳನ್ನು ಒಂದರೊಳಗೊಂದು ಮಡಿಸಿದರೆ 16 ಪುಟಗಳ ಒಂದು ಫಾರಂ. 64 ಪುಟಗಳಿಗೆ ನಾಲ್ಕು ಫಾರಂ. ಮೊದಲ ಫಾರಂನ ಹೊರಹಾಳೆಯ ಒಂದು ಮುಖದಲ್ಲಿ 16 ಮತ್ತು 1, ಅದರ ಹಿಂದೆ 2 ಮತ್ತು 15. ಮುಂದಿನ ಹಾಳೆಯಲ್ಲಿ 14 ಮತ್ತು 3, ಹಿಂದೆ 4 ಮತ್ತು 13. ಹೀಗೆ ಒಳಗೆ ಹೋಗುತ್ತ ಕೊನೆಯ ಮುಖದಲ್ಲಿ 8 ಮತ್ತು 9 ಬರುತ್ತವೆ. ಒಂದೇ ಮುಖದಲ್ಲಿ ಬರುವ ಎರಡು ಪುಟಸಂಖ್ಯೆಗಳನ್ನು ಕೂಡಿಸಿದರೆ ಮೊದಲ ಫಾರಂನಲ್ಲಿ ಯಾವಾಗಲೂ 17, ಎರಡನೆಯದರಲ್ಲಿ 49, ಮೂರನೆಯದರಲ್ಲಿ 81, ನಾಲ್ಕನೆಯದರಲ್ಲಿ 113. ಮುದ್ರಿಸಿದ ಹಾಳೆಗಳ ರಾಶಿಯನ್ನು ಪರಿಶೀಲಿಸಲು ಇದಕ್ಕಿಂತ ವೇಗದ ವಿಧಾನ ನನಗೆ ಗೊತ್ತಿಲ್ಲ. ಪಿಡಿಎಫ್ ಓದುವ ಹಲವು ತಂತ್ರಾಂಶಗಳಲ್ಲಿ ಕಿರುಪುಸ್ತಕ ಮುದ್ರಣದ ಆಯ್ಕೆ ಇರುತ್ತದೆ, ಆದರೆ 64 ಪುಟಗಳನ್ನು ಒಟ್ಟಿಗೆ ಕೊಟ್ಟರೆ ಅದು 16 ಹಾಳೆಗಳ ಒಂದೇ ದಪ್ಪ ಫಾರಂ ಮಾಡುತ್ತದೆ. 1ರಿಂದ 16, 17ರಿಂದ 32 ಎಂದು ಪ್ರತ್ಯೇಕವಾಗಿ ಕಳುಹಿಸಿದರೆ ಬೇಕಾದ ಫಾರಂಗಳೇ ಬರುತ್ತವೆ. ಎರಡೂ ಬದಿಯ ಮುದ್ರಣಕ್ಕೆ ಚಿಕ್ಕ ಅಂಚಿನ ಮೇಲೆ ತಿರುಗಿಸುವ ಆಯ್ಕೆಯನ್ನು ಹಾಕಬೇಕು. ಉದ್ದದ ಅಂಚನ್ನು ಆರಿಸಿದರೆ ಹಿಂಬದಿಯ ಪುಟಗಳು ತಲೆಕೆಳಗಾಗುತ್ತವೆ. ಅಳತೆಯನ್ನು ನಿಜ ಗಾತ್ರಕ್ಕೆ ಇಡಬೇಕು. ಹಾಳೆಗೆ ಹೊಂದಿಸುವ ಆಯ್ಕೆ ಸ್ಟಾಫನ್ನು ಹೇಳದೆ ಕೇಳದೆ ಕುಗ್ಗಿಸುತ್ತದೆ.

ಲೇಸರ್ ಮುದ್ರಕವನ್ನೇ ಬಳಸಿದೆ. ಟೋನರ್ ಪುಡಿ ಕಾಗದದ ಮೇಲೆ ಕರಗಿ ಕೂರುವುದರಿಂದ ಗೆರೆಗಳ ಅಂಚು ಚೂಪಾಗಿರುತ್ತದೆ, ಬೆವರಿದ ಬೆರಳು ತಗುಲಿದರೂ ಹರಡುವುದಿಲ್ಲ. ಇಂಕ್‌ಜೆಟ್ ಆದರೆ ಡೈ ಶಾಯಿಗಿಂತ ಪಿಗ್ಮೆಂಟ್ ಶಾಯಿ ನೀರನ್ನು ಚೆನ್ನಾಗಿ ತಡೆಯುತ್ತದೆ. ಮೊದಲ ಹಾಳೆಯನ್ನು ಬೆಳಕಿಗೆ ಹಿಡಿದು ಎರಡೂ ಮುಖಗಳ ಸ್ಟಾಫ್ ಚೌಕಟ್ಟು ಒಂದರ ಹಿಂದೊಂದು ಸರಿಯಾಗಿ ಬಿದ್ದಿದೆಯೇ ಎಂದು ನೋಡಿಕೊಂಡು, ಮುದ್ರಕದ ಸಣ್ಣ ಜಾರುವಿಕೆಗೆ ತಕ್ಕಂತೆ ಹಿಂಬದಿಯ ಪುಟಗಳನ್ನು ಸರಿಸಿದ ಮೇಲೆಯೇ ಉಳಿದವನ್ನು ಮುದ್ರಿಸಿದೆ. ಲೇಸರಿನ ಶಾಖ ಕಾಗದದ ತೇವವನ್ನು ಹೀರಿ ಹಾಳೆಯನ್ನು ಬಾಗಿಸುತ್ತದೆ. ಆದ್ದರಿಂದ ಮುದ್ರಿಸಿದ ರಾಶಿಯನ್ನು ಒಂದು ಹಲಗೆಯ ಕೆಳಗೆ ರಾತ್ರಿಯೆಲ್ಲ ಬಿಟ್ಟು ಮರುದಿನ ಮಡಿಸಿದೆ.

ಮಡಿಸುವಾಗ ಹಾಳೆಗಳನ್ನು ಒಂದೊಂದಾಗಿ ಮಡಿಸಿ, ಮೂಲೆಗೆ ಮೂಲೆ ಸೇರಿಸಿ, ಬೋನ್ ಫೋಲ್ಡರಿನಿಂದ (ಮಡಿಕೆ ಒತ್ತುವ ಮೊಂಡು ಪಟ್ಟಿ) ನಡುವಿನಿಂದ ತುದಿಗಳ ಕಡೆಗೆ ಎಳೆದು, ನಂತರ ಒಂದರೊಳಗೊಂದು ಸೇರಿಸಿದೆ. ಟೋನರ್ ಇರುವ ಜಾಗದಲ್ಲಿ ನೇರವಾಗಿ ಉಜ್ಜಿದರೆ ಹೊಳಪಿನ ಗೀರು ಉಳಿಯುತ್ತದೆ, ಹಾಗಾಗಿ ನಡುವೆ ಒಂದು ಬಿಳಿ ಹಾಳೆ ಇಡುವುದು ಒಳ್ಳೆಯದು.

ಹೊಲಿಗೆಯ ರಂಧ್ರಗಳಿಗೆ ರಟ್ಟಿನ ಒಂದು ಮಾದರಿಪಟ್ಟಿ ಮಾಡಿಕೊಂಡೆ. 297 ಮಿಲಿಮೀಟರ್ ಬೆನ್ನಿನಲ್ಲಿ ತಲೆಯಿಂದ 15 ಮತ್ತು 282ರಲ್ಲಿ ಗಂಟಿನ ರಂಧ್ರಗಳು, ನಡುವೆ 12 ಮಿಲಿಮೀಟರ್ ಅಗಲದ ಮೂರು ಹತ್ತಿ ಪಟ್ಟಿಗಳಿಗೆ 68 ಮತ್ತು 80, 142 ಮತ್ತು 154, 217 ಮತ್ತು 229, ಒಟ್ಟು ಎಂಟು. ಪ್ರತಿ ಫಾರಂನ್ನು ನಡುಪುಟಕ್ಕೆ ತೆರೆದು, ಇಂಗ್ಲಿಷಿನ ‘ವಿ’ ಆಕಾರದಲ್ಲಿ ನಿಲ್ಲಿಸಿದ ಎರಡು ಹಲಗೆಗಳ ನಡುವೆ ಮಲಗಿಸಿ, ಮಾದರಿಪಟ್ಟಿಯನ್ನು ಮಡಿಕೆಗೆ ತಾಗಿಸಿ ಒಳಗಿನಿಂದ ಹೊರಕ್ಕೆ ದಬ್ಬಣದಿಂದ ಚುಚ್ಚಿದೆ. ದಬ್ಬಣ ತೆಳ್ಳಗಿರಲಿ. ರಂಧ್ರ ದೊಡ್ಡದಾದರೆ ಬೆನ್ನಿಗೆ ಹಚ್ಚುವ ಅಂಟು ಅದರ ಮೂಲಕ ಒಳಗೆ ನುಸುಳಿ ನಡುಪುಟವನ್ನು ಅಂಟಿಸಿಬಿಡುತ್ತದೆ.

ದಾರದ ದಪ್ಪ ಎಷ್ಟಿರಬೇಕೆಂಬುದು ಲೆಕ್ಕ ಹಾಕಿ ತೀರ್ಮಾನಿಸಬೇಕಾದ ವಿಷಯ. ಪ್ರತಿ ಫಾರಂನ ಒಳಮಡಿಕೆಯಲ್ಲಿ ದಾರದ ಒಂದು ಎಳೆ ಕೂರುತ್ತದೆ, ಆದ್ದರಿಂದ ಬೆನ್ನು ಮುಂಬದಿಗಿಂತ ದಪ್ಪವಾಗುತ್ತದೆ. ನಮ್ಮ 32 ಎಲೆಗಳ (ಎರಡು ಪುಟಗಳಿಗೆ ಒಂದು ಎಲೆ) ದಪ್ಪ ಒಟ್ಟು 4 ಮಿಲಿಮೀಟರ್ ಸುಮಾರು, 0.4 ಮಿಲಿಮೀಟರ್ ದಪ್ಪದ ದಾರ ನಾಲ್ಕು ಫಾರಂಗಳಲ್ಲಿ ಸೇರಿ 1.6 ಮಿಲಿಮೀಟರ್ ಆಗುತ್ತದೆ. ಅಷ್ಟು ತೆಳ್ಳಗಿನ ಪುಸ್ತಕಕ್ಕೆ ಇದು ಹೆಚ್ಚಾಯಿತು. ಪುಸ್ತಕ ಬೆಣೆಯಾಕಾರಕ್ಕೆ ತಿರುಗಿ ರಕ್ಷಾಪುಟ ಮೇಲೇಳುತ್ತದೆ. ನಾನು ತೆಳುವಾದ ಲಿನನ್ ದಾರವನ್ನು ಜೇನುಮೇಣದ ಮೇಲೆ ಎಳೆದು ಬಳಸಿದೆ. ಮೇಣ ಹಚ್ಚಿದ ದಾರ ಗೋಜಲಾಗುವುದಿಲ್ಲ, ಹೊಲಿದ ಜಾಗದಲ್ಲಿ ಜಾರದೆ ನಿಲ್ಲುತ್ತದೆ.

ಮೊದಲ ಫಾರಂನ್ನು ಮೇಜಿನ ಅಂಚಿಗೆ ತಂದು, ಪಟ್ಟಿಗಳನ್ನು ಅಂಚಿನಿಂದ ಕೆಳಗೆ ಇಳಿಬಿಟ್ಟು ಅಂಟುಟೇಪಿನಿಂದ ಹಿಡಿಸಿದೆ. ಸೂಜಿ ತುದಿಯ ರಂಧ್ರದಿಂದ ಒಳಗೆ ಹೋಗಿ, ಪಟ್ಟಿಯ ಒಂದು ಪಕ್ಕದಲ್ಲಿ ಹೊರಬಂದು, ಪಟ್ಟಿಯನ್ನು ದಾಟಿ ಮತ್ತೆ ಒಳಗೆ ಹೋಗುತ್ತದೆ. ಹೀಗೆ ಇನ್ನೊಂದು ತುದಿಯವರೆಗೆ. ಅಲ್ಲಿ ಎರಡನೆಯ ಫಾರಂನ್ನು ಮೇಲಿಟ್ಟು ಹಿಂದಿರುಗುವ ದಿಕ್ಕಿಗೆ ಹೊಲಿದು, ಆರಂಭದಲ್ಲಿ ಬಿಟ್ಟಿದ್ದ ದಾರದ ತುದಿಯೊಂದಿಗೆ ಗಂಟು ಹಾಕಿದೆ. ಮೂರನೆಯ ಫಾರಂನಿಂದ ಪ್ರತಿ ಸಾಲಿನ ಕೊನೆಯಲ್ಲಿ ಸೂಜಿಯನ್ನು ಕೆಳಗಿನ ಎರಡು ಫಾರಂಗಳ ನಡುವೆ ಹಾಯಿಸಿ, ಕುಣಿಕೆಯೊಳಗಿಂದ ತಂದು ಬಿಗಿಯಬೇಕು. ಫಾರಂಗಳನ್ನು ಒಂದಕ್ಕೊಂದು ಹಿಡಿದಿಡುವುದು ಈ ಗಂಟುಗಳೇ. ದಾರವನ್ನು ಬಿಗಿಯುವಾಗ ಯಾವಾಗಲೂ ಬೆನ್ನಿನ ಉದ್ದಕ್ಕೆ, ಹೊಲಿಗೆ ಸಾಗುತ್ತಿರುವ ದಿಕ್ಕಿಗೆ ಎಳೆಯಬೇಕು. ತನ್ನ ಕಡೆಗೆ ಎಳೆದರೆ ದಾರ ಗರಗಸದಂತೆ ಮಡಿಕೆಯನ್ನು ಸೀಳುತ್ತದೆ. ಬಿಗಿ ಎಲ್ಲ ಸಾಲುಗಳಲ್ಲಿಯೂ ಒಂದೇ ಇದ್ದರೆ ಬೆನ್ನು ನೇರವಾಗಿ ಮೇಲೇಳುತ್ತದೆ.

ಹೊಲಿದ ಮೇಲೆ, ಮಡಿಸಿದ ಒಂದೊಂದು ಹಾಳೆಯನ್ನು ಎಂಡ್ ಪೇಪರ್ (ಪುಸ್ತಕವನ್ನು ರಕ್ಷಾಪುಟಕ್ಕೆ ಜೋಡಿಸುವ ಹಾಳೆ) ಆಗಿ ಮೊದಲ ಮತ್ತು ಕೊನೆಯ ಫಾರಂಗಳ ಬೆನ್ನಂಚಿಗೆ 4 ಮಿಲಿಮೀಟರ್ ಅಗಲದ ಅಂಟಿನಿಂದ ಸೇರಿಸಿದೆ. ಪುಸ್ತಕವನ್ನು ಎರಡು ಹಲಗೆಗಳ ನಡುವೆ, ಬೆನ್ನು ಎರಡು ಮಿಲಿಮೀಟರ್ ಹೊರಗೆ ಕಾಣುವಂತೆ ಬಿಗಿದು, ಪಿವಿಎ ಎಂಬ ಬಿಳಿ ಅಂಟನ್ನು ಬ್ರಷ್ಷಿನಿಂದ ಬಹಳ ತೆಳ್ಳಗೆ ಹಚ್ಚಿದೆ. ಅಂಟು ಫಾರಂಗಳ ನಡುವಿನ ಸಂದಿಗೆ ಒಂದು ಮಿಲಿಮೀಟರಿಗಿಂತ ಹೆಚ್ಚು ಇಳಿಯಬಾರದು. ಇಳಿದಷ್ಟೂ ಅಲ್ಲಿ ಪುಸ್ತಕ ಪೂರ್ತಿ ತೆರೆಯುವುದಿಲ್ಲ. ಅದರ ಮೇಲೆ ಬೆನ್ನಿನ ಎರಡೂ ಕಡೆ 20 ಮಿಲಿಮೀಟರ್ ಚಾಚುವ ಜಾಲರಿ ಬಟ್ಟೆಯನ್ನು ಕೂರಿಸಿ, ಪೂರ್ತಿ ಒಣಗಲು ಬಿಟ್ಟೆ. ಸಾಮಾನ್ಯ ಪುಸ್ತಕದಲ್ಲಿ ಇದರ ಮೇಲೆ ಗಟ್ಟಿ ಕಾಗದದ ಪದರವೂ ಬರುತ್ತದೆ. ಇಲ್ಲಿ ಅದನ್ನು ಉದ್ದೇಶಪೂರ್ವಕವಾಗಿ ಬಿಟ್ಟಿದ್ದೇನೆ.

ಅಂಚುಗಳನ್ನು ಲೋಹದ ಅಳತೆಪಟ್ಟಿ ಹಿಡಿದು ಹೊಸ ಅಲಗಿನಿಂದ, ಹಗುರವಾದ ಹಲವು ಗೀರುಗಳಲ್ಲಿ ಕತ್ತರಿಸಿದೆ. ಒಂದರೊಳಗೊಂದು ಮಡಿಸಿದ ಹಾಳೆಗಳಲ್ಲಿ ಒಳಗಿನದು ಹೊರಗಿನದಕ್ಕಿಂತ ತುಸು ಮುಂದೆ ಚಾಚಿರುತ್ತದೆ. ಮುಂಬದಿಯಿಂದ 4, ಮೇಲೆ ಕೆಳಗೆ 3 ಮಿಲಿಮೀಟರ್ ಕತ್ತರಿಸಿದಾಗ ಪುಟ 206ಕ್ಕೆ 291ರ ಅಳತೆಗೆ ಬಂದು ಅಂಚು ನಯವಾಯಿತು.

ರಕ್ಷಾಪುಟಕ್ಕೆ 2 ಮಿಲಿಮೀಟರ್ ರಟ್ಟು ಮತ್ತು ಕ್ಯಾಲಿಕೊ ಬಟ್ಟೆಯ ಗಟ್ಟಿ ಬೈಂಡಿಂಗ್ ಮಾಡಬಹುದಿತ್ತು. ಆದರೆ ಒಳಹಾಳೆಗಳ ತೂಕ 200 ಗ್ರಾಂ ಆಗಿರುವಾಗ ರಟ್ಟುಗಳೇ ಅದಕ್ಕೆ ಹತ್ತಿರಹತ್ತಿರ ತೂಗಿ ಮಡಚುವ ಸ್ಟ್ಯಾಂಡಿಗೆ ಭಾರವಾಗುತ್ತವೆ. ರಟ್ಟಿನ ಅಂಚು ಸ್ಟ್ಯಾಂಡಿನ ತುಟಿಯ ಮೇಲೆ ಒಳಪುಟಗಳನ್ನು ಎತ್ತಿ ಹಿಡಿದು, ಕಾಲಕ್ರಮೇಣ ಅವು ತಮ್ಮ ಭಾರಕ್ಕೇ ಕೆಳಗೆ ಜೋಲುತ್ತವೆ. ಆದ್ದರಿಂದ 300 ಜಿಎಸ್‌ಎಂ ಕಾಗದದ ಒಂದೇ ತುಂಡಿನ ಮೆದು ರಕ್ಷಾಪುಟವನ್ನು, ಒಳಪುಟಗಳ ಅಂಚಿಗೆ ಸಮನಾಗಿ ಮಾಡಿದೆ. ಬೆನ್ನಿಗೆ 5 ಮಿಲಿಮೀಟರ್ ಸೇರಿ 206, 5, 206, ಒಟ್ಟು 417 ಮಿಲಿಮೀಟರ್ ಬೇಕು. ಎ3 ಹಾಳೆಯ 420ರಲ್ಲಿ ಅದು ಹೇಗೋ ಹಿಡಿಯುತ್ತದೆ. ಇದರಲ್ಲಿಯೂ ನಾರು ಬೆನ್ನಿಗೆ ಸಮಾನಾಂತರವಾಗಿರಬೇಕು. ಅಂಟನ್ನು ಎಂಡ್ ಪೇಪರುಗಳಿಗೆ ಮಾತ್ರ ಹಚ್ಚಿ, ಬೆನ್ನಿನ ಪಟ್ಟಿಯನ್ನು ಒಣಗಾಗಿಯೇ ಬಿಟ್ಟೆ. ಪುಸ್ತಕ ತೆರೆದಾಗ ಒಳಬೆನ್ನು ಮೇಲಕ್ಕೆ ಬಾಗುತ್ತದೆ, ಹೊರಬೆನ್ನು ಅದರಿಂದ ಬೇರ್ಪಟ್ಟು ಹಿಂದೆ ನಿಲ್ಲುತ್ತದೆ. ಒಂದು ಇನ್ನೊಂದನ್ನು ತಡೆಯುವುದಿಲ್ಲ.

ಒಂದು ರಾತ್ರಿ ಭಾರದ ಕೆಳಗಿಟ್ಟ ಬಳಿಕ ಮುಂದಿನಿಂದ ಕೆಲವು ಎಲೆ, ಹಿಂದಿನಿಂದ ಕೆಲವು ಎಲೆ ಎಂದು ಸರದಿಯಂತೆ ತೆರೆದು ಮಡಿಕೆಯನ್ನು ಬೆರಳಿನಿಂದ ಒತ್ತುತ್ತ ನಡುವಿಗೆ ಬಂದೆ. ಆಮೇಲೆ ಸ್ಟ್ಯಾಂಡಿನ ಮೇಲಿಟ್ಟು ಪ್ರತಿ ಜೋಡಿಪುಟವನ್ನೂ ಪರೀಕ್ಷಿಸಿದೆ. ಎಲ್ಲವೂ ತಾವಾಗಿ ನಿಂತವು, ಆದರೆ ಎಲ್ಲವೂ ಒಂದೇ ಬಗೆಯಲ್ಲಿ ಅಲ್ಲ. 8–9, 24–25, 40–41, 56–57 ಇವು ಫಾರಂಗಳ ನಡುಪುಟಗಳು; ಎರಡೂ ಪುಟಗಳು ಒಂದೇ ಹಾಳೆಯ ಮೇಲಿರುವುದರಿಂದ ಅಲ್ಲಿ ನಡುವೆ ಸಂದಿಯೇ ಇಲ್ಲ, ಮೇಜಿನಂತೆ ಸಮತಟ್ಟಾಗಿ ತೆರೆಯುತ್ತವೆ. 16–17, 32–33, 48–49 ಇವು ಎರಡು ಫಾರಂಗಳು ಕೂಡುವ ಜಾಗ. ಅಂಟು ಇಳಿದಷ್ಟು ಅಂಚು ಒಳಗೆ ಸರಿಯುತ್ತದೆ. ನುಡಿಸಲು ಇದರಿಂದ ತೊಂದರೆಯಿಲ್ಲ, 15 ಮಿಲಿಮೀಟರ್ ಒಳಅಂಚು ಅದನ್ನು ನುಂಗಿಕೊಂಡಿದೆ. ಆದರೆ ಮುಂದಿನ ಸಂಪುಟದ ಪುಟಯೋಜನೆಯನ್ನು ಈಗ ಬೇರೆ ರೀತಿಯಲ್ಲಿ ಮಾಡುತ್ತಿದ್ದೇನೆ: ಸ್ವರಗಳು ಅತಿ ಒತ್ತಾಗಿರುವ, ಕಣ್ಣು ಎಡಪುಟದಿಂದ ಬಲಪುಟಕ್ಕೆ ವೇಗವಾಗಿ ದಾಟಬೇಕಾದ ಎರಡು ಪುಟಗಳ ಕೃತಿಗಳನ್ನು ಮೊದಲು ಫಾರಂಗಳ ನಡುಪುಟಗಳಲ್ಲಿ ಕೂರಿಸಿ, ಉಳಿದವನ್ನು ಅವುಗಳ ಸುತ್ತ ಜೋಡಿಸುತ್ತಿದ್ದೇನೆ, ಫಾರಂಗಳು ಕೂಡುವ ಜಾಗಕ್ಕೆ ಒಂದು ಕೃತಿಯ ಕೊನೆ ಮತ್ತು ಇನ್ನೊಂದರ ಆರಂಭ ಬರುವಂತೆ ನೋಡಿಕೊಳ್ಳುತ್ತಿದ್ದೇನೆ.